ಯಾವ ನೀರಿನ ಹುಳ

ಮೂವತ್ತಾರನೆಯ ವಯಸ್ಸಿಗೆ ನಿವೃತ್ತಳಾಗಿದ್ದೇನೆ ಎಂದರೆ ಗಡಹಿಂಗ್ಲಜದಲ್ಲಿ ಯಾರೂ ನಂಬುವುದಿಲ್ಲ. ಸಂಗತಿ ಸರಳವಾಗಿದೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹನ್ನೆರಡು ವರ್ಷ ನಡೆದ ನೀರಿನ ಜೀರುಂಡೆಗಳ ಯೋಜನೆ ಮುಗಿಯಿತು. ಅದರೊಂದಿಗೆ ನನ್ನ ಸಹಾಯಕಿಯ ಹುದ್ದೆಯೂ ಮುಗಿಯಿತು. ಬೇರೆ ಕಡೆ ಅದೇ ಕೆಲಸ ಹುಡುಕೋಣವೆಂದರೆ, ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ಸೂಕ್ಷ್ಮದರ್ಶಕದ ಮೇಲೆ ಬಗ್ಗಬೇಡಿ ಎಂದು ಕೊಲ್ಲಾಪುರದ ವೈದ್ಯರು ಚೀಟಿ ಬರೆದುಕೊಟ್ಟರು.

ಜೂನ್‌ನಿಂದ ಹೊಸ ಯೋಜನೆ ಶುರುವಾಗುತ್ತದಂತೆ. ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಹನ್ನೆರಡು ದಿನಚರಿಗಳಿವೆ. ಪ್ರತಿ ಪುಟದಲ್ಲಿ ತಾರೀಖು, ಹೊಳೆಯ ಅಥವಾ ಕೆರೆಯ ಹೆಸರು, ಆಮೇಲೆ ಎರಡು ಕಾಲಂ: ‘ಸತ್ತದ್ದು’, ‘ಬಿಟ್ಟದ್ದು’. ಆರನೆಯ ದಿನಚರಿಯ ಆಗಸ್ಟ್ ತಿಂಗಳ ಒಂದು ಸಾಲಿನಲ್ಲಿ ಬರೆದ ಸಂಗತಿಯಿಂದ ಸಾಗರ ಎಂಬ ಸಂಶೋಧಕನ ಮೂರು ವರ್ಷದ ಕೆಲಸದೊಳಗೆ ಒಂದು ಸುಳ್ಳು ಸೇರಿಬಿಡುವುದರಲ್ಲಿತ್ತು. ಆ ಸಾಲು ಬರೆದವಳು ನಾನೇ. ಅದನ್ನು ಹೇಳುವ ಮೊದಲು ಈ ಎರಡು ಕಾಲಂ ಎಲ್ಲಿಂದ ಬಂದವೆಂದು ಹೇಳಬೇಕು.

ನಾವು ಜೈನರು. ಮನೆಯ ಹಿಂದೆ ಬಾವಿಯಿದೆ. ನೀರನ್ನು ದಪ್ಪ ಅರಿವೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದದ್ದನ್ನು ಕೊಡವಿ ಚೆಲ್ಲುವಂತಿಲ್ಲ. ಸೋಸಿದ ನೀರಿನಿಂದಲೇ ಅರಿವೆಯನ್ನು ತೊಳೆದು, ಆ ನೀರನ್ನು ಚಿಕ್ಕ ಕೊಡದಲ್ಲಿ ಇಳಿಬಿಟ್ಟು, ಬಂದ ಬಾವಿಗೇ ಮೆಲ್ಲಗೆ ಬಿಡಬೇಕು. ಈ ಕೆಲಸ ನಮ್ಮ ಅಜ್ಜಿಯದು. ಅವಳನ್ನು ನಾವು ಆಯಿ ಎನ್ನುತ್ತೇವೆ. ನನಗೆ ನೌಕರಿ ಸಿಕ್ಕ ದಿನ ಅವಳು ಅದೇ ಅರಿವೆ ತೊಳೆಯುತ್ತಿದ್ದಳು.

“ಹುಳಾ ಹಿಡಿಯೂ ನೌಕ್ರಿ?” ಎಂದಳು. “ಹಿಡದು ಏನ್ ಮಾಡ್ತಾರ?”

“ಔಷಧದ ಬಾಟಲ್ಯಾಗ ಹಾಕ್ತಾರ, ಆಯಿ.”

“ಜೀವ ಇದ್ದಾಗs?”

“ಹೂಂ.”

ಆಯಿ ಕೊಡವನ್ನು ಬಾವಿಗೆ ಇಳಿಬಿಟ್ಟು ಮೇಲೆಳೆದುಕೊಂಡಳು. “ಬ್ಯಾಡ ಅನ್ನಾಂಗಿಲ್ಲ. ಕಲ್ತಾಕಿ ಅದಿ. ಆದ್ರ ದಿನಾ ಸಂಜೀಕ ನನಗ ಲೆಕ್ಕಾ ಹೇಳಬೇಕು. ಎಷ್ಟು ಸತ್ತೂವು, ಎಷ್ಟು ಬಿಟ್ಟಿ. ಬಿಡೂದಿದ್ರ ಎಲ್ಲಿಂದ ತಂದಿ ಅಲ್ಲೇ ಬಿಡಬೇಕು. ತಿಳೀತಿಲ್ಲೋ?”

ಅಂದಿನಿಂದ ಹನ್ನೆರಡು ವರ್ಷ, ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ “ಇವತ್ತ ಎಷ್ಟs?” ಎಂಬ ಪ್ರಶ್ನೆ ಬರುತ್ತಿತ್ತು. ಈ ಲೆಕ್ಕ ಕಿವಿಗೆ ಬಿದ್ದು, ನಾನು ಹೂವಿನ ವ್ಯಾಪಾರ ಮಾಡುತ್ತೇನೆಂದು ಪಕ್ಕದ ಮನೆಗೆ ಹೊಸದಾಗಿ ಬಂದವರು ಬಹಳ ದಿನ ತಿಳಿದುಕೊಂಡಿದ್ದರಂತೆ. ಸತ್ತವುಗಳ ಎಣಿಕೆಯನ್ನು ಆಯಿ ನೆನಪಿಟ್ಟುಕೊಂಡು ಚತುರ್ದಶಿಯ ದಿನ ಕ್ಷಮೆ ಕೇಳುವಾಗ ಸೇರಿಸುತ್ತಿದ್ದಳು. ಅವಳ ನೆನಪು ತಪ್ಪಬಾರದೆಂದು ನಾನು ಬರೆದಿಡತೊಡಗಿದೆ. ನನ್ನ ಶಿಸ್ತನ್ನು ನಮ್ಮ ವಿಭಾಗದ ಮುಖ್ಯಸ್ಥರಾದ ಕಲ್ಲಪ್ಪಾ ಸರ್ ಎಲ್ಲರೆದುರು ಹೊಗಳಿದ್ದಾರೆ. ಅದು ಎಲ್ಲಿಂದ ಬಂತೆಂದು ಅವರಿಗೆ ಆರು ವರ್ಷ ಗೊತ್ತಿರಲಿಲ್ಲ.

ನಾವು ಬೆನ್ನುಹತ್ತಿದ್ದು ಒಂದೇ ಕುಟುಂಬವನ್ನು. ನೀರಿನ ಮೇಲೆ ಗಿರಗಿರ ಸುತ್ತುವ ಕಪ್ಪು ಮಿರುಗಿನ ಜೀರುಂಡೆ. ಪುಸ್ತಕದಲ್ಲಿ ಅದರ ಕುಟುಂಬದ ಹೆಸರು ಗೈರಿನಿಡೇ. ನಮ್ಮ ಮನೆಯಲ್ಲಿ ಅದು ‘ಗಿರಗಿರಿ’. ಕೈಯಲ್ಲಿ ಹಿಡಿದರೆ ಕೊಳೆಯುತ್ತಿರುವ ಹಣ್ಣಿನಂಥ ವಾಸನೆ ಬಿಡುತ್ತದೆ. ಅದರ ಒಂದೊಂದು ಕಣ್ಣೂ ಎರಡು ತುಂಡಾಗಿದೆ. ಮೇಲಿನ ತುಂಡು ಗಾಳಿಯನ್ನು ನೋಡುತ್ತದೆ, ಕೆಳಗಿನದು ನೀರಿನೊಳಗೆ ನೋಡುತ್ತದೆ. ನಡುವೆ ನೀರಿನ ಗೆರೆ.

ಮೊದಲ ವಾರ ಸರ್ ಎರಡು ಗಾಜಿನ ಬಟ್ಟಲು ನನ್ನ ಮುಂದಿಟ್ಟರು. ಒಂದರಲ್ಲಿ ಗಿರಗಿರಿ, ಇನ್ನೊಂದರಲ್ಲಿ ಉದ್ದ ಕಾಲಿನ, ನೀರಿನ ಮೇಲೆ ಜಾರುವ ಹುಳ.

“ಎರಡೂ ನೀರ ಮ್ಯಾಲs ಓಡ್ತಾವು. ಒಂದs ಮನೆತನ ಏನು?” ಎಂದರು.

“ಹೌದ್ರಿ ಸರ್.”

“ಬಾಯಿ ನೋಡು.”

ನೋಡಿದೆ. ಉದ್ದ ಕಾಲಿನದಕ್ಕೆ ಸೂಜಿಯಂಥ ಬಾಯಿ, ಚುಚ್ಚಿ ಹೀರುವುದಕ್ಕೆ. ಗಿರಗಿರಿಗೆ ಕಚ್ಚುವ ದವಡೆ. ಅದು ತಿಗಣೆಯ ಸಂಬಂಧಿ, ಇದು ಜೀರುಂಡೆ.

“ಇರೂ ಜಾಗಾ ನೋಡಿ ಸಂಬಂಧ ಹಚ್ಚಬ್ಯಾಡ,” ಎಂದರು ಸರ್. “ನೀನೂ ನಾನೂ ಒಂದs ಬಸ್ಸಿನ್ಯಾಗ ಬರ್ತೀವಿ, ಹಂಗಂತ ಅಣ್ಣತಂಗಿ ಆದಿವೇನು?”

ಇದೇ ತಪ್ಪನ್ನು ದೊಡ್ಡವರೂ ಮಾಡಿದ್ದರೆಂದು ಆಮೇಲೆ ತಿಳಿಯಿತು. ಗಿರಗಿರಿಯನ್ನು ಮುಳುಗು ಹಾಕುವ ಜೀರುಂಡೆಗಳೊಂದಿಗೆ ಒಂದೇ ಗುಂಪಿನಲ್ಲಿ ಇಡುತ್ತಿದ್ದರು, ಎಲ್ಲವೂ ನೀರಿನವು ಎಂದು. ಜೀನುಗಳನ್ನು ಓದತೊಡಗಿದ ಮೇಲೆ ಈಗ ಹಲವರು ಹೇಳುವುದೇ ಬೇರೆ: ಇದು ಬಹಳ ಹಿಂದೆಯೇ ಕವಲೊಡೆದ ಮನೆತನ, ನೆಲದಿಂದ ನೀರಿಗೆ ತಾನೇ ಬೇರೆಯಾಗಿ ಇಳಿದಿರಬಹುದು. ಡೈನೋಸಾರ್‌ಗಳ ಕಾಲದ ಕಲ್ಲುಗಳಲ್ಲಿ ಇದರ ನೆಂಟರ ಅಚ್ಚುಗಳಿವೆ. ಆ ಹಳೆಯ ಕವಲೊಂದರಲ್ಲಿ ಈಗ ಉಳಿದಿರುವುದು ಮಡಗಾಸ್ಕರದ ಹೊಳೆಗಳಲ್ಲಿರುವ ಒಂದೇ ಒಂದು ಜಾತಿ. ಅಮೆರಿಕದ ಆಗ್ನೇಯ ಭಾಗದಲ್ಲಿ ಬೇರೆ ಕವಲಿನ ಇನ್ನೊಂದಿದೆ, ಅದರ ಕಣ್ಣಿನ ಎರಡು ತುಂಡುಗಳ ನಡುವಿನ ಅಂತರ ತೀರ ಸಣ್ಣದು. ಕಣ್ಣು ಸೀಳಲು ಶುರುವಾದ ಕಾಲದ ಗುರುತು ಅದರಲ್ಲಿ ಉಳಿದಿರಬಹುದೇ ಎಂದು ಕೇಳುವವರಿದ್ದಾರೆ. ನಮ್ಮ ಕಪಾಟಿನ ಡಬ್ಬಿಗಳ ಚೀಟಿಗಳನ್ನು ನನ್ನ ಕಾಲದಲ್ಲೇ ಮೂರು ಸಲ ಬದಲಿಸಿದೆ. ಹುಳಗಳು ಮಾತ್ರ ಅವೇ.

ಇದನ್ನೆಲ್ಲ ಆಯಿಗೆ ಹೇಳಿದರೆ ಅವಳಿಗೆ ಅವಳದೇ ವರ್ಗೀಕರಣವಿತ್ತು. ಮಣ್ಣುಹುಳಕ್ಕೆ ಎರಡು ಇಂದ್ರಿಯ, ಇರುವೆಗೆ ಮೂರು, ನೊಣ ದುಂಬಿಗಳಿಗೆ ನಾಲ್ಕು, ಕಿವಿ ಇದ್ದವುಗಳಿಗೆ ಐದು. “ನಿನ್ನ ಗಿರಗಿರಿ ನಾಕರದ್ದು,” ಎಂದು ತೀರ್ಮಾನಿಸಿದಳು. ಅದರ ಮೀಸೆಯ ಬುಡದಲ್ಲಿ ನೀರಿನ ಸಣ್ಣ ಅಲೆಯ ನಡುಕವನ್ನು ಹಿಡಿಯುವ ಅಂಗವಿದೆ, ಒಂದಕ್ಕೊಂದು ಡಿಕ್ಕಿ ಹೊಡೆಯದೆ ಸುತ್ತುವುದು ಅದರಿಂದಲೇ ಎಂದೆ.

“ನಡುಕಾ ತಿಳೀತೈತಿ ಅಂದ್ರ ಕೇಳ್ತೈತಿ ಅಂದಂಗ ಆತಲ್ಲ?”

“ಹಂಗೂ ಅನ್ನಬಹುದು, ಆಯಿ.”

“ಹಂಗಾದ್ರ ಐದರಾಗ ಬರ್ತೈತೇನು? ಏ, ಇದನ್ನ ನಾ ಸ್ವಾಮಿಗೋಳಿಗೆ ಕೇಳಬೇಕು.” ಎರಡು ದಿನ ಅದೇ ಯೋಚನೆಯಲ್ಲಿದ್ದಳು. ನಮ್ಮ ವಿಭಾಗದಲ್ಲಿ ಕೆಲವು ಪ್ರಾಧ್ಯಾಪಕರಿಗೂ ಈ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿ ಇರಲಿಲ್ಲ.

ಉಪಕರಣಗಳ ಬಗ್ಗೆ ಒಂದು ಮಾತು. ಹೊರಗಿನಿಂದ ತರಿಸಿದ ಚಿಮಟ ನೆಲಕ್ಕೆ ಬಿದ್ದು ತುದಿ ಬಾಗಿದರೆ ಎಸೆಯಬೇಡಿ. ಹುಪರಿಗೆ ಹೋಗಿ. ಅಲ್ಲಿ ಬೆಳ್ಳಿ ಕೆಲಸದ ಒಬ್ಬ ಕಾಕಾ ಇದ್ದಾರೆ, ಮನೆಯ ಪಡಸಾಲೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ನನ್ನ ಚಿಮಟ ನೋಡಿ, “ಬಾಯಾರ, ಇದು ಯಾವ ದಾಗಿನದ ಕೆಲಸಕ್ಕ?” ಎಂದು ಕೇಳಿದ್ದರು.

“ದಾಗಿನ ಅಲ್ಲ ಕಾಕಾ, ಹುಳದ ಕಾಲು ಹಿಡಿಯಾಕ.”

“ಅಗದೀ ಭಾರಿ! ಹುಳಕ್ಕ ಪೈಂಜಣ ಹಾಕಾವರೇನ್ರಿ?”

ಹುಳಕ್ಕೂ ಕಾಲ್ಗೆಜ್ಜೆಯೇ ಎಂದು ನಕ್ಕರೂ, ತುದಿಯನ್ನು ಎಷ್ಟು ಸೂಕ್ಷ್ಮವಾಗಿ ಮಸೆದುಕೊಟ್ಟರೆಂದರೆ, ಹುಳದ ಮೈಮೇಲಿನ ಒಂದೇ ರೋಮವನ್ನು ಅದರಿಂದ ಹಿಡಿಯಬಹುದಾಗಿತ್ತು. ಈ ಚಿಮಟ ಕಥೆಯಲ್ಲಿ ಮತ್ತೆ ಬರುತ್ತದೆ.

ಬಲೆಯ ಬಟ್ಟೆ ಇಚಲಕರಂಜಿಯಿಂದ ಬರುತ್ತಿತ್ತು. ಸಾಗರನ ಅಪ್ಪನಿಗೆ ಅಲ್ಲಿ ನಾಲ್ಕು ಮಗ್ಗಗಳಿವೆ. ನೀರು ಹೋಗಬೇಕು, ಹುಳ ಉಳಿಯಬೇಕು ಎಂದು ಹೇಳಿದರೆ ಅವರು ನೂಲನ್ನು ಅಷ್ಟಕ್ಕಷ್ಟೇ ಬಿಡಿಸಿ ನೇಯ್ದು ಕೊಡುತ್ತಿದ್ದರು. ಆಯಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದೂ ಸೋಸೂ ಅರಿವಿನs ಬಿಡು,” ಎಂದಿದ್ದಳು.

ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಫಾರ್ಮಲಿನ್. ಮೊದಲ ವರ್ಷ ಹಿಡಿದದ್ದನ್ನೆಲ್ಲ, ಪ್ರಯೋಗಾಲಯದ ಹಳೆಯ ರೂಢಿಯಂತೆ, ಫಾರ್ಮಲಿನ್‌ನಲ್ಲಿ ಇಟ್ಟೆವು. ಮುಂದಿನ ವರ್ಷ ಜೀನು ಓದಲು ಕಾಲುಗಳನ್ನು ಕೊಲ್ಲಾಪುರಕ್ಕೆ ಕಳಿಸಿದರೆ, ಏನೂ ಬರುತ್ತಿಲ್ಲ ಎಂದು ಉತ್ತರ ಬಂತು. ಫಾರ್ಮಲಿನ್ ಜೀನನ್ನು ಕೆಡಿಸುತ್ತದೆ. ಶುದ್ಧ ಸ್ಪಿರಿಟ್‌ನಲ್ಲಿ ಇಡಬೇಕಿತ್ತು. ಸರ್ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮನೆಯಲ್ಲಿ ಹಾಗಾಗಲಿಲ್ಲ. “ಅಂದ್ರ ಅವೆಲ್ಲಾ ಸುಮ್ಮನs ಸತ್ತೂವು,” ಎಂದಳು ಆಯಿ. ಆ ವರ್ಷದ ದಿನಚರಿಯ ‘ಸತ್ತದ್ದು’ ಕಾಲಮ್ಮಿನ ಕೆಳಗೆ ನಾನು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ನೀವು ನೋಡಬಹುದು.

ಎರಡನೆಯ ತಪ್ಪು ನನ್ನೊಬ್ಬಳದು.

ಗಿರಗಿರಿಗಳಲ್ಲಿ ಕೆಲವು ನಿಂತ ನೀರಿನವು, ಕೆಲವು ಓಡುವ ನೀರಿನವು. ಓಡುವ ನೀರಿನ ಒಂದು ಗುಂಪಿಗೆ ಮೈಯ ಅಂಚಿನಲ್ಲಿ ಸಣ್ಣ ರೋಮಗಳಿರುತ್ತವೆ, ಹಿಂಭಾಗ ಚೂಪಾಗಿರುತ್ತದೆ. ಕೋವಾಡದ ಮೇಲ್ಗಡೆ ತಾಮ್ರಪರ್ಣಿ ಹೊಳೆಯಲ್ಲಿ ಇವು ಸಿಗುತ್ತವೆ. ಈ ಮನೆತನ ಮೊದಲು ಇಳಿದದ್ದು ಓಡುವ ನೀರಿಗೋ ನಿಂತ ನೀರಿಗೋ, ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ದಾಟಿದೆ ಎಂಬುದೇ ಸಾಗರನ ಪಿಎಚ್.ಡಿ. ಪ್ರಶ್ನೆ.

ಆರನೆಯ ವರ್ಷದ ಜುಲೈ ಕೊನೆಯಲ್ಲಿ ಹದಿನೇಳು ಹುಳಗಳನ್ನು ಕೋವಾಡದಿಂದ ಜೀವಂತ ತಂದು ದೊಡ್ಡ ಟ್ರೇಯಲ್ಲಿ ಬಿಟ್ಟೆವು. ಅವು ಸುತ್ತುವುದನ್ನು ಸರ್ ವಿಡಿಯೊ ಮಾಡಬೇಕಿತ್ತು. ವಿಡಿಯೊದಲ್ಲಿ ಕೆಲವನ್ನು ಬೇರೆಯಾಗಿ ಗುರುತಿಸಲೆಂದು ಆರರ ಬೆನ್ನಿಗೆ ನಾನು ಉಗುರಿಗೆ ಹಚ್ಚುವ ಕೆಂಪು ಬಣ್ಣದ ಚುಕ್ಕೆ ಇಟ್ಟೆ. ಸಾಗರ ಆಗ ಊರಲ್ಲಿರಲಿಲ್ಲ. ಜೀನಿನ ಕೆಲಸಕ್ಕೆ ಮೂರು ತಿಂಗಳು ಕೊಲ್ಲಾಪುರದಲ್ಲಿದ್ದ. ಚಿತ್ರೀಕರಣ ಮುಗಿದ ದಿನ ಸರ್, “ಇನ್ನ ಎಲ್ಲಾನೂ ಸ್ಪಿರಿಟ್‌ಗೆ ಹಾಕಿಬಿಡು,” ಎಂದು ಹೇಳಿ ಸಭೆಗೆ ಹೋದರು.

ಐದನ್ನು ಹಾಕಿದೆ. ಆರನೆಯದಕ್ಕೆ ಚಿಮಟ ಮುಂದೆ ಹೋಗಲಿಲ್ಲ. ಹತ್ತು ದಿನ ಅವುಗಳಿಗೆ ಸೊಳ್ಳೆಮರಿ ತಿನ್ನಿಸಿದ್ದೆ. ನಮ್ಮ ಕೆಲಸಕ್ಕೆ ಐದೇ ಸಾಕಾಗಿತ್ತು. ಉಳಿದ ಹನ್ನೆರಡನ್ನು ಕ್ಯಾನಿಗೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಹೊಳೆಗೆ ನೀರು ಬಂದು ಸೇತುವೆ ಮುಳುಗಿತ್ತು, ಕೋವಾಡಕ್ಕೆ ಬಸ್ಸಿರಲಿಲ್ಲ. ವಾಪಸ್ ಬರುವ ದಾರಿಯಲ್ಲಿ, ಊರ ಹೊರಗೆ, ಮೆಟ್ಟಿಲುಗಳಿರುವ ಹಳೆಯ ಕಲ್ಲುಬಾವಿ ಇದೆ. ಇಳಿದು ಕ್ಯಾನ್ ಬಗ್ಗಿಸಿದೆ. ಹನ್ನೆರಡೂ ಸುತ್ತತೊಡಗಿದವು. ನನಗೆ ಹಗುರಾಯಿತು. ದಿನಚರಿಯಲ್ಲಿ ಬರೆದೆ: ಸತ್ತದ್ದು ೫. ಬಿಟ್ಟದ್ದು ೧೨, ಕಲ್ಲುಬಾವಿ.

ಸಂಜೆ ಆಯಿ ಕೇಳಿದಳು. ಹೇಳಿದೆ.

“ಎಲ್ಲಿಂದ ತಂದಿದ್ದಿ ಅಲ್ಲೇ ಬಿಟ್ಟಿ ಹೌದಲ?”

“ಹೂಂ,” ಎಂದೆ. ದಿನಚರಿಯಲ್ಲಿ ನಿಜ ಬರೆದಿದ್ದೆ, ಬಾಯಲ್ಲಿ ಸುಳ್ಳು ಹೇಳಿದೆ. ನೀರು ಯಾವುದಾದರೇನು ಎಂದುಕೊಂಡೆ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಸಾಗರ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡೇ ವಿಭಾಗಕ್ಕೆ ಓಡಿಬಂದ. “ಅಕ್ಕಾರ! ಸರ್ ಎಲ್ಲದಾರ? ಏನ್ ಸಿಕ್ಕೈತಿ ನೋಡ್ರಿ!” ಬಾಟಲಿಯಲ್ಲಿ ನಾಲ್ಕು ಹುಳ. ಅಂಚಿನಲ್ಲಿ ರೋಮ, ಹಿಂಭಾಗ ಚೂಪು. “ಓಡೂ ನೀರಿನವು ಅಕ್ಕಾರ, ನಿಂತ ನೀರಿನ್ಯಾಗ! ಹತ್ತಿರ ಹೊಳಿ ಇಲ್ಲ, ಹಳ್ಳ ಇಲ್ಲ. ನಮ್ಮ ಕಣ್ಣ ಮುಂದs ದಾಟಾಕತ್ತಾವು!”

“ಎಲ್ಲಿ?” ಎಂದು ಕೇಳಿದೆ. ಉತ್ತರ ಬರುವ ಮೊದಲೇ ಗೊತ್ತಾಗಿತ್ತು.

“ಆ ಕಲ್ಲಬಾವ್ಯಾಗ.”

ಸರ್ ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ನೋಡಿದರು. “ಮರಿ ಸಿಕ್ಕಾವೇನು?”

“ಇನ್ನೂ ಇಲ್ರಿ ಸರ್. ಹುಡುಕ್ತೇನಿ.”

“ಕೊಲ್ಲಾಪುರದ ಪರಿಷತ್ತಿಗೆ ಶನಿವಾರದೊಳಗ ಬರೆದು ಕಳಸು. ಇದು ನಿನ್ನ ಪ್ರಬಂಧದ ಹೊಸ ಅಧ್ಯಾಯ.” ನನ್ನ ಕಡೆ ತಿರುಗಿ, “ಪದ್ಮಾ, ಒಂದನ್ನ ಒಣಗಿಸಿ ಕಾರ್ಡಿಗೆ ಹಚ್ಚು. ಫೋಟೊ ಬೇಕು,” ಎಂದರು.

ನಿಜ ಹೇಳುವ ಬದಲು ನಾನು ಬಾಟಲಿ ಎತ್ತಿಕೊಂಡು ನನ್ನ ಮೇಜಿಗೆ ಹೋದೆ. ನನ್ನ ಗುತ್ತಿಗೆ ಡಿಸೆಂಬರ್‌ನಲ್ಲಿ ನವೀಕರಣವಾಗಬೇಕಿತ್ತು. ಸ್ಪಿರಿಟ್‌ಗೆ ಹಾಕು ಎಂದ ಹುಳಗಳನ್ನು ಹಾಕಲಿಲ್ಲ ಎಂದು ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇವು ಅವೇ ಎನ್ನುವುದಕ್ಕೆ ಖಾತ್ರಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ತಿಂಗಳಾಗಿದೆ. ನಿಜವಾಗಿ ಬಾವಿಯವೇ ಇರಬಹುದಲ್ಲ?

ಮರುದಿನ ಮಧ್ಯಾಹ್ನ ಒಂದನ್ನು ಕಾರ್ಡಿಗೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬೆನ್ನಿನ ಬಲ ಅಂಚಿನಲ್ಲಿ, ರೋಮಗಳ ನಡುವೆ ಸಿಕ್ಕಿಕೊಂಡು, ಕೆಂಪು ಚೂರೊಂದು ಇತ್ತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಬಣ್ಣ ನನ್ನ ಎಡಗೈಯ ಉಗುರಿನದೇ.

ಹುಪರಿಯ ಚಿಮಟ ಕೈಯಲ್ಲೇ ಇತ್ತು. ತುದಿಯನ್ನು ಆ ಚೂರಿನವರೆಗೆ ಒಯ್ದೆ. ಒಂದು ಸಲ ಎತ್ತಿದರೆ ಮುಗಿಯುತ್ತಿತ್ತು. ಧೂಳು ತೆಗೆಯುವುದು ನನ್ನ ಕೆಲಸವೇ, ದಿನಾ ತೆಗೆಯುತ್ತೇನೆ. ಆ ಸ್ಥಿತಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹೊತ್ತು ಬರೆದಿಡುವ ನಾನು ಅದನ್ನು ಮಾತ್ರ ಬರೆದಿಲ್ಲ. ಚಿಮಟ ಕೆಳಗಿಟ್ಟು ಮನೆಗೆ ಹೋದೆ.

“ಇವತ್ತ ಎಷ್ಟs?”

“ಆಯಿ, ಆಗಸ್ಟ್‌ದಾಗ ನಿನಗ ಸುಳ್ಳ ಹೇಳಿನಿ.” ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. “ಯಾರ ಮನೀ ಮಕ್ಕಳನ್ನ ಯಾರ ಮನ್ಯಾಗ ಬಿಟ್ಟ ಬಂದ್ಯs ಹುಡುಗಿ?” ಎಂದಳು. ಆಮೇಲೆ ಸಾಗರನ ಬಗ್ಗೆ ಕೇಳಿದಳು. “ಆ ಇಚಲಕರಂಜೀ ಹುಡುಗ ಅದನ್ನ ಖರೇ ಅಂತ ತಿಳಕೊಂಡಾನ?”

“ಹೂಂ. ಶನಿವಾರ ಕಳಸ್ತಾನ.”

“ಹಂಗಾರ ನಾಳೆ ಮುಂಜಾನೆ ಹೇಳು. ನಾಡದ ಹೇಳಿದ್ರ ಅದು ಬ್ಯಾರೇ ಸುಳ್ಳು.”

ಮರುದಿನ ದಿನಚರಿಯನ್ನು ಸರ್ ಮೇಜಿನ ಮೇಲೆ ಬಿಚ್ಚಿಟ್ಟೆ. ಹುಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸಾಗರ ಮೊದಲು ನೋಡಿದ, ಆಮೇಲೆ ಪುಟ ಓದಿದ, ಮತ್ತೆ ನೋಡಿದ.

“ಅಕ್ಕಾರ, ನೀವು ಮೊನ್ನೆನs ಯಾಕ ಹೇಳಲಿಲ್ಲ? ನಾ ಅಪ್ಪಗ ಫೋನ್ ಮಾಡಿನಿ. ಮಗ್ಗಾ ಬಂದ್ ಮಾಡಿ ಎಲ್ಲಾರಿಗೂ ಪೇಢೆ ಹಂಚ್ಯಾನ ಅಂವ.”

ಅವನು ಮತ್ತೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ.

“ಒಂದ ಚೂರs ಬಣ್ಣ,” ಎಂದ. “ತೆಗದಬಿಟ್ಟಿದ್ರ ಯಾರಿಗೆ ತಿಳೀತಿತ್ತು?”

“ಅದಕ್ಕs ತೆಗೀಲಿಲ್ಲ,” ಎಂದೆ.

ಅವನು ಬಾಗಿಲು ಎಳೆದುಕೊಂಡು ಹೊರಗೆ ಹೋದ. ಸರ್ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರು. “ಈ ಎರಡ ಕಾಲಂ ಯಾರು ಹೇಳಿಕೊಟ್ರು?” ಎಂದರು. ಆಯಿಯ ಕಥೆ ಹೇಳಿದೆ. “ನಾ ಹೇಳಿದ್ದ ನೀ ಮಾಡಲಿಲ್ಲ, ಅದೊಂದು ತಪ್ಪು. ಅವ್ರು ಹೇಳಿದ್ದೂ ಮಾಡಲಿಲ್ಲ, ಅದು ದೊಡ್ಡ ತಪ್ಪು,” ಎಂದರು. “ಒಂದು ನೀರಿನ ಜೀವ ಇನ್ನೊಂದು ನೀರಿಗೆ ಬಿಟ್ರ, ಇದು ಎಲ್ಲೀದು, ಹೆಂಗ ಬಂತು ಅಂತ ನಾವು ಓದೂ ಪುಸ್ತಕನs ತಿದ್ದಿದಂಗ.” ಗುತ್ತಿಗೆ ಮುಂದುವರಿಯಿತು. ಆದರೆ ಜನವರಿಯವರೆಗೆ ಅವರು ನನ್ನನ್ನು ಹೊಳೆಗೆ ಕಳಿಸಲಿಲ್ಲ. ಆ ಅಧ್ಯಾಯ ಹೋಯಿತು, ಸಾಗರನಿಗೆ ಒಂದು ವರ್ಷ ಹೆಚ್ಚು ಹಿಡಿಯಿತು.

ಡಿಸೆಂಬರ್‌ನ ಒಂದು ಭಾನುವಾರ, ಬಾವಿಯಲ್ಲಿ ಉಳಿದವುಗಳನ್ನು ಹಿಡಿಯಲು ನಾನೂ ಆಯಿಯೂ ಹೋದೆವು. ಆಯಿ ಮೇಲಿನ ಮೆಟ್ಟಿಲಲ್ಲಿ ಕೂತು ಎಣಿಸುತ್ತಿದ್ದಳು. ನನ್ನ ಬಲೆಗೆ ಎರಡೇ ಸಿಕ್ಕವು. ಅಷ್ಟರಲ್ಲಿ ಮೇಲಿನಿಂದ ಧ್ವನಿ ಬಂತು.

“ಆಯೀ, ಅಕ್ಕಾರಿಗೆ ಬಲಿ ಬೀಸಾಕ ಬರೂದಿಲ್ರಿ. ಸರಿಯಾಕ ಹೇಳ್ರಿ.”

ಸಾಗರ. ಹದಿನೆಂಟು ದಿನಗಳ ನಂತರ ಅವನಾಡಿದ ಮೊದಲ ಮಾತು, ಅದೂ ನನಗಲ್ಲ. ಅವನು ಇಳಿದು ಇನ್ನೂ ಮೂರನ್ನು ಹಿಡಿದ. ಒಟ್ಟು ಐದು. ಮೂವರೂ ಕೋವಾಡದ ಬಸ್ ಹತ್ತಿದೆವು. ಕ್ಯಾನ್ ಆಯಿಯ ತೊಡೆಯ ಮೇಲಿತ್ತು. ಕಂಡಕ್ಟರ್ ಮುಚ್ಚಳದ ತೂತುಗಳನ್ನು ನೋಡಿ, “ಆಜೀ, ಮಾಸೆ ಕಾಯ್?” ಎಂದು ಕೇಳಿದ, ಮೀನೇನಜ್ಜಿ ಎಂದು. “ಅಲ್ಲಪಾ, ಪಾಹುಣೆ,” ಎಂದಳು ಆಯಿ. ನೆಂಟರು. “ತವರಮನಿಗೆ ಬಿಡಾಕ ಹೊಂಟೇವಿ.”

ಹೊಳೆಯಲ್ಲಿ ಆಯಿಯೇ ಕ್ಯಾನನ್ನು ಇಳಿಬಿಟ್ಟಳು, ಬಾವಿಗೆ ಅರಿವೆಯ ನೀರು ಬಿಡುವಷ್ಟೇ ಮೆಲ್ಲಗೆ. ಐದೂ ಹರಿವಿಗೆ ಎದುರಾಗಿ ತಿರುಗಿ ನಿಂತವು. ಸಾಗರ ಮಂಡಿಯೂರಿ ನೋಡುತ್ತಿದ್ದ. “ಅಕ್ಕಾರ,” ಎಂದ, ಈ ಸಲ ನನಗೇ. “ಹನ್ನೆರಡರಾಗ ನಾಕು ನಾ ಕೊಂದೆ, ಐದು ಇಲ್ಲಿ. ಮರಿ ಒಂದೂ ಇಲ್ಲ. ಅಂದ್ರ ಬಾವ್ಯಾಗ ಬದುಕಬಹುದು, ಆದ್ರ ಸಂಸಾರ ಹೂಡಾಕ ಆಗೂದಿಲ್ಲ ಅಂತನೋ ಏನೋ?” ಅವನಿಗೆ ಮತ್ತೆ ಪ್ರಶ್ನೆ ಹುಟ್ಟಿತ್ತು. ಅದನ್ನೇ ಮುಂದೆ ಅಡಿಟಿಪ್ಪಣಿಯಾಗಿ ಬರೆದ, ತಪ್ಪನ್ನೂ ಸೇರಿಸಿ, ನನ್ನ ಒಪ್ಪಿಗೆ ಕೇಳಿ.

ಈಗ ನಮ್ಮ ಚೀಟಿಗಳಲ್ಲಿ ಒಂದು ಸಾಲು ಹೆಚ್ಚಿಗೆ ಇರುತ್ತದೆ: ಬಿಟ್ಟ ನೀರು. ಅದನ್ನು ಖಾಲಿ ಬಿಡಬೇಡಿ. ಆ ಕಾರ್ಡಿನ ಹುಳ ಮೂರನೆಯ ಕಪಾಟಿನ ಎರಡನೆಯ ಡಬ್ಬಿಯಲ್ಲಿದೆ. ಕೆಲಸಕ್ಕೆ ಸೇರಿದ ದಿನ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಬಲ ಅಂಚಿನಲ್ಲಿ ಕೆಂಪಾಗಿ ಕಾಣುವುದು ಧೂಳಲ್ಲ. ತೆಗೆಯಬೇಡಿ.

ನಾಲ್ಕು ಮತ್ತು ಐದು ಕೂಡಿದರೆ ಒಂಬತ್ತು. ಉಳಿದ ಮೂರು ಸತ್ತವೋ, ಹಾರಿಹೋದವೋ ತಿಳಿದಿಲ್ಲ. ಆರನೆಯ ದಿನಚರಿಯ ಆ ಸಾಲಿನ ಮುಂದೆ ಯಾವ ಕಾಲಮ್ಮಿಗೂ ಸೇರದಂತೆ ಬರೆದಿದ್ದೇನೆ: ೩, ಗೊತ್ತಿಲ್ಲ. ನೌಕರಿ ಮುಗಿದ ಮೇಲೂ ಆ ದಾರಿಯಲ್ಲಿ ಹೋದಾಗ ಬಾವಿಗೆ ಇಳಿದು ನೋಡಿ ಬರುತ್ತೇನೆ. ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಆಯಿ ಕೇಳುತ್ತಾಳೆ: “ಆ ಮೂರು ಏನಾದ್ರೂ ಕಂಡೂವೇನು?”